ಪಟ್ಟಿಯಿಂದ ಹೊರಬಿದ್ದ ಲ್ಯಾಪ್‌ಟಾಪ್: ಥಿಂಕ್‌ಪ್ಯಾಡ್ ಟಿ470ರ ಪ್ರಕರಣ ಅಧ್ಯಯನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು ನಿಂತವು. ಯಾವ ಭಾಗವೂ ಕೆಡದೆ ಆ ದಿನ ಹಳತಾಗಿಬಿಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಟಿ470 ಒಂದು. 2017ರಲ್ಲಿ ಬಂದ, 14 ಇಂಚು ಪರದೆಯ, ಸುಮಾರು 1.6 ಕಿಲೋ ತೂಗುವ ಆಫೀಸು ಮಷೀನು ಇದು. ಇದರಲ್ಲಿ ಸಾಮಾನ್ಯವಾಗಿ ಸಿಗುವ ಇಂಟೆಲ್ ಐ5-7300ಯು ಪ್ರೊಸೆಸರ್ ಏಳನೇ ತಲೆಮಾರಿನದು. ವಿಂಡೋಸ್ 11 ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿಯೋ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ. ವಿಂಡೋಸ್ 11 ಕೇಳುವ ಉಳಿದ ಭದ್ರತಾ ಏರ್ಪಾಡುಗಳ ಪೈಕಿ ಟಿ470ಯಲ್ಲಿ ಟಿಪಿಎಂ 2.0 ಇದೆ, ಯುಇಎಫ್‌ಐ ಇದೆ, ಸೆಕ್ಯೂರ್ ಬೂಟ್ ಇದೆ. ಉಳಿದೆಲ್ಲ ವಿಷಯದಲ್ಲಿ ಪಾಸಾಗಿ ಪ್ರೊಸೆಸರ್ ಪಟ್ಟಿಯಲ್ಲಿ ಮಾತ್ರ ನಪಾಸು.

ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಸಗಟಾಗಿ ಬಿಟ್ಟುಕೊಟ್ಟ ಇಂಥ ಮಷೀನುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಸೆಕೆಂಡ್ ಹ್ಯಾಂಡ್ ಅಂಗಡಿಗಳವರೆಗೆ ಸಿಗುತ್ತವೆ. ಅವು ಯಾವ ಸ್ಥಿತಿಯಲ್ಲಿ ಬರುತ್ತವೋ ಅದೇ ಈ ಬರಹದ ಪ್ರಕರಣ: ಐ5-7300ಯು, ಒಂದೇ ಸ್ಲಾಟಿನಲ್ಲಿ 8 ಜಿಬಿ ರ‍್ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್, 1366×768ರ ಮಂಕು ಪರದೆ, ಒಳಗೊಂದು ಹೊರಗೊಂದು 24 ವ್ಯಾಟ್-ಅವರ್‌ನ ಸವೆದ ಬ್ಯಾಟರಿ. ಆನ್ ಆಗುತ್ತದೆ, ಆದರೆ ಬ್ರೌಸರ್ ತೆರೆಯುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಚಾರ್ಜರ್ ಕಿತ್ತರೆ ಒಂದೂವರೆ ಗಂಟೆ ಬಂದರೆ ಹೆಚ್ಚು. ಗುಜರಿಗೆ ಹಾಕೋಣ ಅನ್ನಿಸುವ ಸ್ಥಿತಿ ಇದೇ.

ನಮ್ಮ ನಿಲುವನ್ನು ಮೊದಲೇ ಹೇಳುತ್ತೇವೆ. ಈ ಮಷೀನಿಗೆ ಬೇಕಾದದ್ದು ಮೂರು ಭಾಗ: ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್), ಒಂದು ರ‍್ಯಾಮ್ ಕಡ್ಡಿ, ಒಂದು ಬ್ಯಾಟರಿ. ಅದರ ಜೊತೆಗೆ ಭದ್ರತಾ ಅಪ್‌ಡೇಟ್ ಸಿಗುವ ಆಪರೇಟಿಂಗ್ ಸಿಸ್ಟಂ. ಇಷ್ಟು ಮಾಡಿದರೆ ಇನ್ನೂ ನಾಲ್ಕೈದು ವರ್ಷ ಆಫೀಸು ಕೆಲಸ, ಓದು, ವಿಡಿಯೊ ಕರೆಗಳಿಗೆ ಯಾವ ಕೊರತೆಯೂ ಇಲ್ಲ. ಕೆಲಸ ಕೆಡುವುದು ಬಹುತೇಕ ತಪ್ಪು ಅನುಕ್ರಮದಿಂದ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ಭಾಗಗಳ ಆಯ್ಕೆಗಿಂತ ಮುಖ್ಯ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಹಳೆ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ. ಡಿಸ್ಕ್ ತೆಗೆದು ಹೊಸ ಸಿಸ್ಟಂ ಹಾಕಿದ ಮೇಲೆ ಇವೇ ಕೆಲಸಗಳಿಗೆ ಎರಡು ಪಟ್ಟು ಶ್ರಮ.

ಮೊದಲನೆಯದು ಬಯಾಸ್ ಪಾಸ್‌ವರ್ಡ್. ಬಯಾಸ್ ಎಂದರೆ ವಿಂಡೋಸ್‌ಗಿಂತ ಮೊದಲು ಓಡಿ ಮಷೀನನ್ನು ಎಬ್ಬಿಸುವ ತಂತ್ರಾಂಶ. ಮಷೀನ್ ಆನ್ ಮಾಡುತ್ತಿದ್ದಂತೆ ಎಫ್1 ಒತ್ತಿ. ಪಾಸ್‌ವರ್ಡ್ ಕೇಳಿದರೆ, ಅಥವಾ ಎಂಟರ್ ಒತ್ತಿ ಒಳಗೆ ಹೋದರೂ ಸೆಟ್ಟಿಂಗ್‌ಗಳನ್ನು ಬದಲಾಯಿಸಲು ಬಿಡದಿದ್ದರೆ, ಹಿಂದಿನ ಕಂಪನಿ ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಹಾಗೇ ಉಳಿದಿದೆ ಎಂದರ್ಥ. ಇದನ್ನು ಬೋರ್ಡಿನ ಕಾಯಿನ್ ಸೆಲ್ (ಗುಂಡಿಯಂಥ ಸಣ್ಣ ಬ್ಯಾಟರಿ) ತೆಗೆದು ಅಳಿಸಲಾಗದು. ಲೆನೊವೊ ಹೇಳುವ ಅಧಿಕೃತ ಪರಿಹಾರ ಮದರ್‌ಬೋರ್ಡ್ ಬದಲಿಸುವುದೊಂದೇ. ಕೊಳ್ಳುವವರು ಅಂಗಡಿಯ ಕಟ್ಟೆಯ ಮೇಲೆಯೇ ಇದನ್ನು ನೋಡಿಬಿಡಬೇಕು. ಬಯಾಸ್‌ನ ಸೆಕ್ಯೂರಿಟಿ ಪುಟದಲ್ಲಿ ಕಂಪ್ಯೂಟ್ರೇಸ್ ಎಂಬ ಕಳವು-ಪತ್ತೆ ವ್ಯವಸ್ಥೆ ಸಕ್ರಿಯವಾಗಿದೆಯೇ ಎಂಬುದನ್ನೂ ಆಗಲೇ ನೋಡಿ. ಸಕ್ರಿಯವಾಗಿದ್ದರೆ ಮಾರಿದವರೇ ಹಳೆಯ ಮಾಲೀಕರ ಮೂಲಕ ಬಿಡಿಸಿಕೊಡಬೇಕು.

ಎರಡನೆಯದು ಥಂಡರ್‌ಬೋಲ್ಟ್ ಫರ್ಮ್‌ವೇರ್, ಅಂದರೆ ಯುಎಸ್‌ಬಿ-ಸಿ ಪೋರ್ಟನ್ನು ನಡೆಸುವ, ಚಿಪ್ಪಿನಲ್ಲೇ ಕೂತ ತಂತ್ರಾಂಶ. 2017ರಿಂದ 2019ರ ಆರಂಭದವರೆಗಿನ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಯುಎಸ್‌ಬಿ-ಸಿ ಪೋರ್ಟ್ ಕ್ರಮೇಣ ಕೆಡುವ ದೋಷವಿದೆ ಎಂದು ಲೆನೊವೊ ತಾನೇ ಪ್ರಕಟಿಸಿ ತಿದ್ದುಪಡಿ ಹೊರಡಿಸಿದೆ. ಹಳೆಯ ಫರ್ಮ್‌ವೇರ್ ತನ್ನ ಚಿಪ್ಪಿನ ಮೇಲೆ ಅನಗತ್ಯವಾಗಿ ಬರೆಯುತ್ತಲೇ ಇರುತ್ತದೆ. ಒಂದು ದಿನ ಆ ಚಿಪ್ಪು ಕೈಕೊಟ್ಟು ಆ ಪೋರ್ಟಿನ ಡಾಕ್, ಮಾನಿಟರ್, ಕೊನೆಗೆ ಚಾರ್ಜಿಂಗ್ ಕೂಡ ನಿಲ್ಲುತ್ತದೆ. ಕೆಡುವ ಮೊದಲು ಅಪ್‌ಡೇಟ್ ಮಾಡಿದರೆ ಹತ್ತು ನಿಮಿಷದ ಕೆಲಸ. ಕೆಟ್ಟ ಮೇಲಾದರೆ ಚಿಪ್ಪಿಗೆ ಕ್ಲಿಪ್ ಹಾಕಿ ಪ್ರೋಗ್ರಾಮರ್‌ನಿಂದ ಬರೆಯುವ ರಿಪೇರಿಯವರು ಬೇಕು, ಇಲ್ಲವೇ ಬೋರ್ಡ್ ಬದಲಿಸಬೇಕು. ಟಿ470ಗೆ ಹಳೆಯ ಆಯತಾಕಾರದ ಚಾರ್ಜಿಂಗ್ ಪಿನ್ ಕೂಡ ಇರುವುದರಿಂದ ಯುಎಸ್‌ಬಿ-ಸಿ ಸತ್ತರೂ ಮಷೀನ್ ಬದುಕುತ್ತದೆ. ಇದರ ನಂತರ ಬಂದ ಟಿ480ಗೆ ಆ ಭಾಗ್ಯವಿಲ್ಲ. ಲೆನೊವೊ ಕೊಡುವ ಈ ಅಪ್‌ಡೇಟ್ ವಿಂಡೋಸ್‌ನಲ್ಲಿ ಓಡುವ ಪ್ರೋಗ್ರಾಂ ಆದ್ದರಿಂದ ವಿಂಡೋಸ್ ಅಳಿಸುವ ಮೊದಲೇ ಹಾಕಿಬಿಡುವುದು ಸುಲಭ.

ಮೂರನೆಯದು ಬಯಾಸ್ ಅಪ್‌ಡೇಟ್. ಚಾರ್ಜರ್ ಸಿಕ್ಕಿಸಿರಬೇಕು, ಬ್ಯಾಟರಿಯಲ್ಲೂ ಸಾಕಷ್ಟು ಚಾರ್ಜ್ ಇರಬೇಕು, ಇಲ್ಲದಿದ್ದರೆ ಅದು ಮುಂದುವರಿಯುವುದೇ ಇಲ್ಲ. ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದೀತೆಂಬ ಕಾಳಜಿಯಿಂದ ಇಟ್ಟ ನಿರ್ಬಂಧ ಅದು. ಎರಡೂ ಬ್ಯಾಟರಿ ಪೂರ್ತಿ ಸತ್ತಿದ್ದರೆ ಮೊದಲು ಹೊಸ ಬ್ಯಾಟರಿ, ಆಮೇಲೆ ಬಯಾಸ್. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅಪ್‌ಡೇಟ್‌ಗೆ ಮುನ್ನ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮರೆತರೆ ಮರುಬೂಟ್ ಆದಾಗ ನೀಲಿ ಪರದೆ ಬಂದು ಆ ಕೀಯನ್ನೇ ಕೇಳುತ್ತದೆ. ಅದಿಲ್ಲದೆ ಫೈಲುಗಳು ಸಿಗುವುದಿಲ್ಲ.

ಕೊನೆಗೆ ತಪಾಸಣೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದರೆ ಪ್ರತಿ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಪಕ್ಕಪಕ್ಕದಲ್ಲಿ ಬರುತ್ತವೆ. 24 ವ್ಯಾಟ್-ಅವರ್‌ನದು 12ಕ್ಕೆ ಇಳಿದಿದ್ದರೆ ಅರ್ಧ ಆಯಸ್ಸು ಉಳಿದಿದೆ ಎಂದು ಓದಿಕೊಳ್ಳಬೇಡಿ. ಅಲ್ಲಿಂದ ಮುಂದೆ ಇಳಿತ ಬಹಳ ವೇಗ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಎರಡು ಸಾಲು ನೋಡಿದರೆ ಸಾಕು: ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಯಾದ ಜಾಗ), ಪೆಂಡಿಂಗ್ ಸೆಕ್ಟರ್ (ಕೆಟ್ಟಿರಬಹುದಾದ ಜಾಗ). ಎರಡೂ ಸೊನ್ನೆಯಾಗಿದ್ದರೆ ಆ ಡಿಸ್ಕಿಗೆ ಮುಂದೆ ಇನ್ನೊಂದು ಕೆಲಸವಿದೆ.

ತಳ ಬಿಚ್ಚುವುದು

ಹೊರಗಿನ ಬ್ಯಾಟರಿ ತೆಗೆದರೆ ಕರೆಂಟ್ ನಿಂತಿತು ಅಂದುಕೊಳ್ಳುವುದು ಈ ಮಾದರಿಯಲ್ಲಿ ಬಹಳ ಜನ ಬೀಳುವ ಗುಂಡಿ. ಒಳಗೆ ಇನ್ನೊಂದು ಬ್ಯಾಟರಿ ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಆದ್ದರಿಂದ ಎಫ್1 ಒತ್ತಿ ಬಯಾಸ್‌ಗೆ ಹೋಗಿ, ಕಾನ್ಫಿಗ್‌ನ ಪವರ್ ಪುಟದ ಕೆಳಗಿರುವ ‘ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ’ ಆರಿಸಿ. ಚಾರ್ಜರ್ ಕಿತ್ತಿರಬೇಕು. ಮಷೀನ್ ತಾನಾಗಿ ಆಫ್ ಆಗುತ್ತದೆ. ಮತ್ತೆ ಚಾರ್ಜರ್ ಸಿಕ್ಕಿಸುವವರೆಗೆ ಒಳ ಬ್ಯಾಟರಿ ಮಲಗಿರುತ್ತದೆ. ಕೆಲಸ ಮುಗಿಯುವವರೆಗೆ ಚಾರ್ಜರ್ ಹತ್ತಿರ ತರಬೇಡಿ.

ಫಿಲಿಪ್ಸ್ ಸ್ಕ್ರೂಡ್ರೈವರ್ ಒಂದು, ಹಳೆಯ ಎಟಿಎಂ ಕಾರ್ಡ್ ಅಥವಾ ಗಿಟಾರ್ ಪಿಕ್ ಒಂದು ಇದ್ದರೆ ಸಾಕು. ತಳದ ಸ್ಕ್ರೂಗಳು ಸಡಿಲವಾಗುತ್ತವೆ, ಕಳಚಿ ಕೈಗೆ ಬರುವುದಿಲ್ಲ. ಪೂರ್ತಿ ಬರಲೆಂದು ತಿರುಗಿಸುತ್ತಲೇ ಇದ್ದರೆ ತಲೆ ಸವೆಯುತ್ತದೆ. ಆಮೇಲೆ ಸುತ್ತಲೂ ಕ್ಲಿಪ್‌ಗಳು. ಕಾರ್ಡನ್ನು ಸೀಳಿನಲ್ಲಿ ತೂರಿಸಿ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿದರೆ ಟಕ್ ಟಕ್ ಎಂದು ಒಂದೊಂದೇ ಬಿಡುತ್ತವೆ. ಪೋರ್ಟ್‌ಗಳ ಪಕ್ಕದಲ್ಲಿ, ಅದರಲ್ಲೂ ನೆಟ್‌ವರ್ಕ್ ಕೇಬಲ್ ಪೋರ್ಟಿನ ಹತ್ತಿರ, ಪ್ಲಾಸ್ಟಿಕ್ ತೆಳ್ಳಗಿದೆ. ಅಲ್ಲಿ ಲೋಹದ ಸ್ಕ್ರೂಡ್ರೈವರ್ ತುರುಕಿ ಎತ್ತಿದರೆ ತುಂಡಾಗುತ್ತದೆ. ಸೆಕೆಂಡ್ ಹ್ಯಾಂಡ್ ಮಷೀನಿನಲ್ಲಿ ಈ ಜಾಗ ಮುರಿದಿದ್ದರೆ ಯಾರೋ ಅವಸರದಲ್ಲಿ ಒಳಗೆ ಕೈಹಾಕಿದ್ದರೆಂದು ತಿಳಿಯಬಹುದು.

ಎಸ್‌ಎಸ್‌ಡಿ: ಇಡೀ ಪ್ರಕರಣದ ಮುಕ್ಕಾಲು ಪಾಲು

ಈ ಮಷೀನ್ ನಿಧಾನ ಅನ್ನಿಸಲು ಪ್ರೊಸೆಸರ್ ಕಾರಣವಲ್ಲ. ಹಾರ್ಡ್ ಡಿಸ್ಕಿನ ತಲೆ ಸೆಕೆಂಡಿಗೆ ನೂರರ ಆಸುಪಾಸು ಜಾಗಗಳಿಗೆ ಮಾತ್ರ ಹಾರಬಲ್ಲದು. ಬೂಟ್ ಆಗುವಾಗಲೋ ಬ್ರೌಸರ್ ತೆರೆಯುವಾಗಲೋ ಓದಬೇಕಾದ ಸಣ್ಣ ಫೈಲುಗಳು ಸಾವಿರಗಟ್ಟಲೆ. ಸಾಧಾರಣ ಸಾಟಾ (ಹಾರ್ಡ್ ಡಿಸ್ಕಿನ ಬಗೆಯದೇ ಜೋಡಣೆಯ) ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಬೇರೇನೂ ಮಾಡದೆ ಇದೊಂದನ್ನೇ ಬದಲಿಸಿದರೂ ಮಷೀನಿನ ನಡವಳಿಕೆ ಬೇರೆಯಾಗುತ್ತದೆ.

ಯಾವ ಎಸ್‌ಎಸ್‌ಡಿ ಎಂಬಲ್ಲಿ ಅನಗತ್ಯ ಖರ್ಚಿನ ದಾರಿ ಇದೆ. ಟಿ470ಯ ಡಿಸ್ಕ್ ಜಾಗಕ್ಕೆ ಎರಡು ಬಗೆಯ ಜೋಡಣೆ ಸಾಧ್ಯ: 7 ಮಿಲಿಮೀಟರ್ ದಪ್ಪದ 2.5 ಇಂಚಿನ ಸಾಟಾ ಡ್ರೈವ್, ಇಲ್ಲವೇ ಒಂದು ಟ್ರೇಯೊಳಗೆ ಕೂರುವ, ಕಡ್ಡಿಯಂಥ ಸಣ್ಣ, ಇನ್ನೂ ವೇಗದ ಎಂ.2 ಎನ್‌ವಿಎಂಇ ಡ್ರೈವ್. ಎರಡಕ್ಕೂ ಕೇಬಲ್ ಬೇರೆ ಬೇರೆ. ನಮ್ಮ ಪ್ರಕರಣದಂತೆ ಹಾರ್ಡ್ ಡಿಸ್ಕ್ ಇರುವ ಮಷೀನಿನಲ್ಲಿ ಸಾಟಾ ಕೇಬಲ್ಲೂ ಬ್ರಾಕೆಟ್ಟೂ ಆಗಲೇ ಇವೆ. ಎನ್‌ವಿಎಂಇ ಹಾಕಬೇಕೆಂದರೆ ಟ್ರೇ, ಕೇಬಲ್ ಎರಡನ್ನೂ ಹುಡುಕಿ ಕೊಳ್ಳಬೇಕು. ಅಷ್ಟು ಮಾಡಿದರೂ ಇಲ್ಲಿ ಡ್ರೈವನ್ನು ಬೋರ್ಡಿಗೆ ಬೆಸೆಯುವ ಪಿಸಿಐಇ ದಾರಿಯ ಎರಡೇ ಲೇನ್ ಸಿಗುವುದರಿಂದ ಡ್ರೈವಿನ ಪೂರ್ತಿ ವೇಗ ಬರುವುದಿಲ್ಲ. ದೊಡ್ಡ ಫೈಲ್ ನಕಲಿಸುವಾಗ ವ್ಯತ್ಯಾಸ ಗೊತ್ತಾದೀತು, ದಿನದ ಬಳಕೆಯಲ್ಲಿ ಅಷ್ಟಾಗಿ ಇಲ್ಲ. 480ರಿಂದ 512 ಜಿಬಿಯ ಸಾಟಾ ಎಸ್‌ಎಸ್‌ಡಿ ಕೊಂಡು ಹಳೆಯ ಬ್ರಾಕೆಟ್ಟಿಗೇ ಕೂರಿಸುವುದು ನಮ್ಮ ಸಲಹೆ. ಅಂಗಡಿಗೆ ಹೋಗುವ ಮೊದಲು ತಳ ತೆಗೆದು ಒಳಗೆ ಯಾವುದಿದೆ ಎಂದು ನೋಡಿ. ಎಂ.2 ಇರುವ ಮಷೀನಿಗೆ 2.5 ಇಂಚಿನದನ್ನು ತಂದರೆ ಕೂರಿಸಲು ಕೇಬಲ್ ಇರುವುದಿಲ್ಲ.

ಅಗ್ಗದ ದರದಲ್ಲಿ ‘1 ಟಿಬಿ’ ಎಂದು ಸಿಗುವ, ಹೆಸರು ಕೇಳದ ಡ್ರೈವ್‌ಗಳಲ್ಲಿ ಸಾಮರ್ಥ್ಯವನ್ನೇ ಸುಳ್ಳು ಹೇಳುವಂಥವು ಇವೆ. ಬರೆದದ್ದೆಲ್ಲ ಸರಿಯಿದೆ ಎನ್ನುತ್ತಲೇ ಹಳೆಯ ಫೈಲಿನ ಮೇಲೆ ಹೊಸದನ್ನು ಬರೆದುಬಿಡುತ್ತವೆ. ಲಿನಕ್ಸಿನ ಎಫ್3 ಎಂಬ ಉಪಕರಣ ಡ್ರೈವಿನ ತುಂಬಾ ಬರೆದು ಓದಿ ನಿಜ ಹೇಳುತ್ತದೆ. ಡೇಟಾ ತುಂಬುವ ಮೊದಲು ಒಮ್ಮೆ ಓಡಿಸಿದರೆ ಹಿಂದಿರುಗಿಸುವ ಅವಧಿಯೊಳಗೆ ಮೋಸ ಗೊತ್ತಾಗುತ್ತದೆ.

ರ‍್ಯಾಮ್

ಟಿ470ಗೆ ಎರಡು ಡಿಡಿಆರ್4 ಸ್ಲಾಟ್, ಗರಿಷ್ಠ 32 ಜಿಬಿ. 8 ಜಿಬಿ ಇರುವಲ್ಲಿ ಖಾಲಿ ಸ್ಲಾಟಿಗೆ ಇನ್ನೊಂದು 8 ಹಾಕಿ 16 ಮಾಡಿದರೆ ಎರಡು ಲಾಭ. ಒಂದು, ಜಾಗ. ಇನ್ನೊಂದು, ಎರಡು ಕಡ್ಡಿ ಸೇರಿದಾಗ ಮೆಮೊರಿ ಎರಡು ಚಾನೆಲ್‌ನಲ್ಲಿ ಓಡುತ್ತದೆ. ಒಳಗಿನ ಎಚ್‌ಡಿ 620 ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲದ್ದರಿಂದ ಈ ಹೆಚ್ಚುವರಿ ಅಗಲ ವಿಡಿಯೊ ಮತ್ತು ಹೊರ ಮಾನಿಟರ್ ಬಳಕೆಯಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಐ5-7300ಯು ಮೆಮೊರಿಯನ್ನು ಓಡಿಸುವುದು 2133ರ ವೇಗದಲ್ಲಿ. 2400 ಅಥವಾ 3200 ಎಂದು ಬರೆದ ಕಡ್ಡಿ ಹಾಕಿದರೂ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ವೇಗ 2133ಕ್ಕೇ ಇಳಿಯುತ್ತದೆ. ಹೆಚ್ಚಿನ ಅಂಕಿಗೆ ಹೆಚ್ಚು ದುಡ್ಡು ಕೊಡುವುದು ದಂಡ. 2025ರಲ್ಲಿ ಡಿಡಿಆರ್4 ದರ ಚೆನ್ನಾಗಿ ಏರಿದ್ದರಿಂದ ಇನ್ನೊಂದು ಸತ್ತ ಲ್ಯಾಪ್‌ಟಾಪ್‌ನಿಂದ ತೆಗೆದ ಕಡ್ಡಿ ಹುಡುಕುವುದು ಜಾಣತನ. ರ‍್ಯಾಮ್ ಸವೆಯುವ ವಸ್ತುವಲ್ಲ. ಸರಿಯಿದೆಯೋ ಇಲ್ಲವೋ ಎಂಬುದನ್ನು ಮೆಮ್‌ಟೆಸ್ಟ್86+ ಒಂದು ರಾತ್ರಿಯಲ್ಲಿ ಹೇಳುತ್ತದೆ. ಒಂದೇ ಒಂದು ದೋಷ ತೋರಿಸಿದರೂ ಆ ಕಡ್ಡಿ ಬೇಡ. ಕೆಟ್ಟ ರ‍್ಯಾಮ್ ಫೈಲುಗಳನ್ನು ಸದ್ದಿಲ್ಲದೆ ಹಾಳುಮಾಡುತ್ತದೆ.

ಹಾಕುವಾಗ ಕಡ್ಡಿಯನ್ನು ಓರೆಯಾಗಿ ಪೂರ್ತಿ ಒಳಕ್ಕೆ ತಳ್ಳಿ, ಬಂಗಾರದ ಬಣ್ಣದ ಗೆರೆಗಳು ಹೆಚ್ಚುಕಡಿಮೆ ಮರೆಯಾದ ಮೇಲೆಯೇ ಕೆಳಕ್ಕೆ ಒತ್ತಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಒಂದು ನಿಮಿಷದವರೆಗೂ ಕಪ್ಪಾಗಿಯೇ ಇರಬಹುದು. ಬೋರ್ಡ್ ಹೊಸ ಮೆಮೊರಿಗೆ ಹೊಂದಿಸಿಕೊಳ್ಳುತ್ತಿರುತ್ತದೆ. ಹೆದರಿ ಪವರ್ ಗುಂಡಿ ಒತ್ತಿ ಆಫ್ ಮಾಡುವವರು ಬಹಳ, ಕಾಯಬೇಕು. ಬೀಪ್ ಸದ್ದು ಬಂದರೆ ಮಾತ್ರ ತೆಗೆದು ಮತ್ತೆ ಕೂರಿಸಿ.

ಬ್ಯಾಟರಿ: ಎರಡನ್ನೂ ಬದಲಿಸಬೇಕಿಲ್ಲ

ಬಳಸುವಾಗ ಮೊದಲು ಖಾಲಿಯಾಗುವುದು ಹೊರಗಿನ ಬ್ಯಾಟರಿ, ಆಮೇಲೆ ಒಳಗಿನದು. ಹೊರಗಿನದು ಖಾಲಿಯಾದರೆ ಮಷೀನ್ ಆಫ್ ಮಾಡದೆಯೇ ಅದನ್ನು ಕಿತ್ತು ಇನ್ನೊಂದು ಹಾಕಬಹುದು. ಈ ವ್ಯವಸ್ಥೆಯ ದೆಸೆಯಿಂದ ಸವೆದ ಒಳ ಬ್ಯಾಟರಿಯೂ ನಡುವಿನ ಸೇತುವೆಯಾಗಿ ಉಪಯೋಗಕ್ಕೆ ಬರುತ್ತದೆ. ಅದು ಊದಿಕೊಂಡಿಲ್ಲದಿದ್ದರೆ ಹಾಗೇ ಬಿಟ್ಟು ಹೊರಗಿನದನ್ನು ಮಾತ್ರ ಹೊಸದು ಕೊಳ್ಳಿ. ಖರ್ಚು ಉಳಿಯಿತು, ಒಂದು ಲಿಥಿಯಂ ಬ್ಯಾಟರಿ ಕಸವಾಗುವುದೂ ತಪ್ಪಿತು.

ಊದಿಕೊಂಡಿದ್ದರೆ ಮಾತ್ರ ರಾಜಿಯಿಲ್ಲ. ಟಚ್‌ಪ್ಯಾಡ್ ಕ್ಲಿಕ್ ಬಿಗಿಯಾಗುವುದು, ತಳದ ಮುಚ್ಚಳ ಮೇಜಿನ ಮೇಲೆ ಸಮವಾಗಿ ಕೂರದಿರುವುದು ಅದರ ಲಕ್ಷಣ. ಅಂಥದ್ದನ್ನು ತೆಗೆಯುವಾಗ ಲೋಹದ ಚೂಪು ಸಲಕರಣೆ ಹತ್ತಿರ ತರಬಾರದು, ಬಗ್ಗಿಸಬಾರದು, ಒತ್ತಿ ಗಾಳಿ ತೆಗೆಯಲು ಹೋಗಲೇಬಾರದು.

ಹೊರ ಬ್ಯಾಟರಿ ಮೂರು ಗಾತ್ರದಲ್ಲಿದೆ: 61 ಎಂಬ ಗುರುತಿನ 24 ವ್ಯಾಟ್-ಅವರ್, 61+ ಗುರುತಿನ 48, 61++ ಗುರುತಿನ 72. ದೊಡ್ಡವೆರಡೂ ತಳದಿಂದ ಕೆಳಕ್ಕೆ ಚಾಚಿಕೊಂಡು ಲ್ಯಾಪ್‌ಟಾಪ್ ಹಿಂಭಾಗವನ್ನು ಎತ್ತುತ್ತವೆ. ಟೈಪ್ ಮಾಡುವವರಿಗೆ ಅದು ಹಿತವೇ. ಎಸ್‌ಎಸ್‌ಡಿ ಹಾಕಿದ ಟಿ470 ಹಗುರ ಕೆಲಸದಲ್ಲಿ 6ರಿಂದ 8 ವ್ಯಾಟ್ ಎಳೆಯುತ್ತದೆ ಎಂದು ಇಟ್ಟುಕೊಂಡರೆ, 48ರ ಹೊಸ ಬ್ಯಾಟರಿ, 12ಕ್ಕೆ ಇಳಿದ ಒಳಗಿನದು ಸೇರಿ 60 ವ್ಯಾಟ್-ಅವರ್‌ಗೆ ಏಳೂವರೆಯಿಂದ ಹತ್ತು ಗಂಟೆ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಒಂದು ಪೂರ್ತಿ ಹಗಲು.

ಪೇಟೆಯಲ್ಲಿ ‘ಒರಿಜಿನಲ್’ ಎಂದು ಸಿಗುವುದನ್ನೆಲ್ಲ ನಂಬಲಾಗದು. ನಿಮ್ಮ ಹಳೆಯ ಬ್ಯಾಟರಿಯ ಮೇಲಿನ ಎಫ್‌ಆರ್‌ಯು (ಬಿಡಿಭಾಗದ) ಸಂಖ್ಯೆ ಬರೆದುಕೊಂಡು ಹೋಗಿ, ಹೊಸದರ ಮೇಲೆ ತಯಾರಾದ ತಿಂಗಳು ನೋಡಿ. ಲಿಥಿಯಂ ಕೋಶಗಳು ಡಬ್ಬದಲ್ಲಿದ್ದರೂ ವಯಸ್ಸಾಗುತ್ತವೆ, 2018ರ ಅಸಲಿ ಬ್ಯಾಟರಿಗಿಂತ ಇತ್ತೀಚೆಗೆ ತಯಾರಾದ ಒಳ್ಳೆಯ ಕಂಪನಿಯ ಬದಲಿ ಬ್ಯಾಟರಿ ವಾಸಿ. ಅಸಲಿಯಲ್ಲದ್ದನ್ನು ಥಿಂಕ್‌ಪ್ಯಾಡ್ ಗುರುತಿಸಿ ಎಚ್ಚರಿಕೆ ತೋರಿಸಬಹುದು, ಚಾರ್ಜ್ ಮಾಡಲು ನಿರಾಕರಿಸಲೂಬಹುದು. ಹಾಗಾಗಿ ಹಾಕಿ, ಪೂರ್ತಿ ಚಾರ್ಜ್ ಮಾಡಿ, ರಿಪೋರ್ಟಿನಲ್ಲಿ ಸಾಮರ್ಥ್ಯ ನೋಡಿದ ಮೇಲೆಯೇ ವ್ಯವಹಾರ ಮುಗಿಯಿತೆಂದು ತಿಳಿಯಿರಿ. ಯಾವಾಗಲೂ ಚಾರ್ಜರ್‌ನಲ್ಲೇ ಇರುವ ಮಷೀನಾದರೆ ಚಾರ್ಜಿಂಗ್ ಮಿತಿಯನ್ನು 80ಕ್ಕೆ ಇಡಿ. ವಿಂಡೋಸ್‌ನಲ್ಲಿ ಲೆನೊವೊ ವಾಂಟೇಜ್, ಲಿನಕ್ಸಿನಲ್ಲಿ ಟಿಎಲ್‌ಪಿ ಅದನ್ನು ಮಾಡುತ್ತವೆ. ಸದಾ ನೂರರಲ್ಲಿ, ಬಿಸಿಯಲ್ಲಿ ಕೂತ ಬ್ಯಾಟರಿ ಬೇಗ ಸಾಯುತ್ತದೆ.

ತಳ ತೆರೆದಿರುವಾಗಲೇ

ಫ್ಯಾನಿನ ಧೂಳು ತೆಗೆಯಿರಿ. ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಊದಬೇಕು, ಇಲ್ಲದಿದ್ದರೆ ವೇಗವಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಫ್ಯಾನಿಗೂ ತಾಮ್ರದ ಜಾಲಿಗೂ ನಡುವೆ ಕಂಬಳಿಯಂತೆ ಕೂತ ಪದರವೇ ನಿಜವಾದ ತೊಂದರೆ, ಅದು ಹೊರಗಿನಿಂದ ಕಾಣುವುದಿಲ್ಲ. ಎಂಟು ವರ್ಷದ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹೀಟ್‌ಸಿಂಕ್ ಸ್ಕ್ರೂಗಳನ್ನು ಅದರ ಮೇಲೆ ಬರೆದ ಅಂಕಿಗಳ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದನ್ನು ತೆಳ್ಳಗೆ ಹಚ್ಚಿ. ಚಿಪ್ಪಿಗೆ ಲೋಹದ ಮುಚ್ಚಳ ಇಲ್ಲದ್ದರಿಂದ ಒಂದೇ ಕಡೆ ಬಿಗಿಮಾಡಿದರೆ ಮೂಲೆ ಒಡೆಯುವ ಅಪಾಯವಿದೆ.

ತಾರೀಕು ಪದೇ ಪದೇ ತಪ್ಪುತ್ತಿದ್ದರೆ ಕಾಯಿನ್ ಸೆಲ್ ಬದಲಿಸಿ. ತಾರೀಕು ತಪ್ಪಿದ ಮಷೀನಿನಲ್ಲಿ ಬ್ಯಾಂಕಿನ ತಾಣಗಳು ತೆರೆಯುವುದಿಲ್ಲ, ಜನ ಅದನ್ನು ಇಂಟರ್‌ನೆಟ್ ದೋಷವೆಂದು ತಿಳಿದು ಅಲೆಯುತ್ತಾರೆ.

ಪರದೆ ಬದಲಿಸಬೇಕೇ? 1366×768ರ ಪರದೆ ಕಣ್ಣಿಗೆ ಹಿತವಲ್ಲ, ಆದರೆ ಅದು ಕೆಟ್ಟಿಲ್ಲ. ದಿನವಿಡೀ ಓದುವ, ಬರೆಯುವ ಕೆಲಸಕ್ಕೆ 1920×1080ರ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ) ಪರದೆ ಕೊಂಡರೆ ದುಡ್ಡು ವ್ಯರ್ಥವಲ್ಲ. ಹೊರ ಮಾನಿಟರಿಗೆ ಜೋಡಿಸಿಕೊಂಡು ಬಳಸುವವರಿಗೆ ಬೇಡ. ಕೊಳ್ಳುವುದಾದರೆ ಟಚ್ ಇಲ್ಲದ, 30 ಪಿನ್ನಿನ ಇಡಿಪಿ (ಲ್ಯಾಪ್‌ಟಾಪ್ ಪರದೆಯ ಕೇಬಲ್ ಜೋಡಣೆ) ಪ್ಯಾನೆಲ್ ಆಗಿರಬೇಕು, ಸ್ಕ್ರೂ ಹಾಕುವ ಕಿವಿಗಳೂ ಕನೆಕ್ಟರ್ ಇರುವ ಮೂಲೆಯೂ ಹಳೆಯದರಂತೆಯೇ ಇರಬೇಕು. ಒಳ ಬ್ಯಾಟರಿ ಮಲಗಿಸದೆ ಪರದೆಯ ಕೇಬಲ್ ಕಿತ್ತರೆ ಬೋರ್ಡಿನ ಮೇಲಿನ ಬ್ಯಾಕ್‌ಲೈಟ್ ಫ್ಯೂಸ್ ಸುಟ್ಟುಹೋಗಬಹುದು. ಆಮೇಲೆ ಹೊಸ ಪರದೆ ಹಾಕಿದರೂ ಕತ್ತಲೆ. ಟಾರ್ಚ್ ಬಿಟ್ಟು ನೋಡಿದರೆ ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಆ ಫ್ಯೂಸೇ ಇರಬೇಕು.

ಯಾವ ಸಿಸ್ಟಂ?

ಹೊಸ ಭಾಗ ಹಾಕಿ, ಅಪ್‌ಡೇಟ್ ಇಲ್ಲದ ವಿಂಡೋಸ್ 10ನ್ನೇ ಬಿಟ್ಟರೆ ಕೆಲಸ ಅರ್ಧವಾದಂತೆ. ಮೂರು ದಾರಿಗಳಿವೆ.

ವಿಂಡೋಸ್ 10ನ್ನೇ ಉಳಿಸಿಕೊಂಡು ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸುವುದು ಒಂದು. ಮನೆಬಳಕೆದಾರರಿಗೆ ಇದು 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಣೆಯಾದದ್ದು. ದಾರಿ ಹುಡುಕಿಕೊಳ್ಳಲು ಸಮಯ ಸಿಗುತ್ತದೆ, ಅಷ್ಟೇ. ಎರಡನೆಯದು ಪರಿಶೀಲನೆ ತಪ್ಪಿಸಿ ವಿಂಡೋಸ್ 11 ಹಾಕುವುದು. ಈ ಪ್ರೊಸೆಸರ್‌ನಲ್ಲಿ ಅದು ಓಡುತ್ತದೆ. ಆದರೆ ಇಂಥ ಮಷೀನಿಗೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಸ್ವಂತ ಬಳಕೆಗೆ ಆದೀತು, ಹತ್ತು ಜನರ ಕಚೇರಿಗೆ ನಾವು ಹೇಳುವುದಿಲ್ಲ. ಮೂರನೆಯದು ಲಿನಕ್ಸ್. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ವೈಫೈ, ಗ್ರಾಫಿಕ್ಸ್, ಕ್ಯಾಮೆರಾ, ಬೆಳಕು-ಸದ್ದಿನ ಕೀಗಳು ಏನೂ ಮಾಡದೆ ನಡೆಯುತ್ತವೆ. ನಡೆಯದಿರುವುದು ಬೆರಳಚ್ಚು ಓದುಗ. ಅದರ ಚಾಲಕ ಮಿಂಟ್‌ನೊಂದಿಗೆ ಬರುವುದಿಲ್ಲ, ಪಾಸ್‌ವರ್ಡ್‌ಗೆ ಒಗ್ಗಿಕೊಳ್ಳಬೇಕು.

ಕರ್ನಾಟಕದ ಬಳಕೆದಾರರು ಇಲ್ಲಿ ಎರಡು ವಿಷಯ ಮೊದಲೇ ಯೋಚಿಸಬೇಕು. ಒಂದು, ಟ್ಯಾಲಿ. ಅದು ವಿಂಡೋಸ್‌ನ ತಂತ್ರಾಂಶ, ಲೆಕ್ಕಪತ್ರವೇ ಮುಖ್ಯ ಕೆಲಸವಾಗಿರುವ ಮಷೀನನ್ನು ಲಿನಕ್ಸಿಗೆ ತಳ್ಳಬೇಡಿ. ಇನ್ನೊಂದು, ಕನ್ನಡ ಬರೆಯುವ ‘ನುಡಿ’ ತಂತ್ರಾಂಶ. ಯೂನಿಕೋಡ್ ಕನ್ನಡಕ್ಕೆ ಲಿನಕ್ಸಿನಲ್ಲಿ ತೊಂದರೆಯೇ ಇಲ್ಲ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಕಡಿಮೆ. ತೊಡಕಿರುವುದು ಯೂನಿಕೋಡ್‌ಗೆ ಮುಂಚಿನ, ಹಳೆಯ ಆಸ್ಕಿ ಫಾಂಟಿನ ಕಡತಗಳಲ್ಲಿ. ಆ ಫಾಂಟ್ ಹಾಕಿಕೊಂಡರೆ ಕಡತ ಓದಲು ಬರುತ್ತದೆ, ಆದರೆ ಅದರಲ್ಲೇ ಬರೆದು ತಿದ್ದಲು ನುಡಿ ತಂತ್ರಾಂಶವೇ ಬೇಕು. ಡಿಟಿಪಿ ಅಂಗಡಿ, ಹಳೆಯ ಠರಾವು-ನಡಾವಳಿ ಇಟ್ಟುಕೊಂಡ ಸಂಘ-ಸಂಸ್ಥೆಗಳು ಆ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ಕಣ್ಣಾಡಿಸಿದ ಮೇಲೆಯೇ ವಿಂಡೋಸ್ ಬಿಡಬೇಕು.

ಹೊರಬಂದದ್ದು ಎಲ್ಲಿಗೆ?

ವಿಶ್ವಸಂಸ್ಥೆಯ ಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತೆಂದು ದಾಖಲೆಯಿರುವುದು ಶೇ. 22.3 ಮಾತ್ರ. ಲ್ಯಾಪ್‌ಟಾಪ್‌ನ ಮಟ್ಟಿಗೆ ಇನ್ನೊಂದು ಲೆಕ್ಕವೂ ಇದೆ: ಅದರ ಜೀವಮಾನದ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಬಳಸುವಾಗ ಉರಿಯುವ ಕರೆಂಟಿನದಲ್ಲ, ತಯಾರಿಕೆಯದು. ಆದ್ದರಿಂದ ಕಡಿಮೆ ಕರೆಂಟ್ ತಿನ್ನುತ್ತದೆಂದು ಹೊಸ ಲ್ಯಾಪ್‌ಟಾಪ್ ಕೊಳ್ಳುವುದರಲ್ಲಿ ಉಳಿತಾಯವಿಲ್ಲ.

ನಮ್ಮ ಪ್ರಕರಣದಲ್ಲಿ ಹೊರಬರುವುದು ಸುಮಾರು 100 ಗ್ರಾಂ ತೂಗುವ ಹಾರ್ಡ್ ಡಿಸ್ಕ್, ಒಂದು ಸಣ್ಣ ಬ್ಯಾಟರಿ, ಊದಿದ್ದರೆ ಇನ್ನೊಂದು. ಎಲ್ಲ ಸೇರಿದರೂ ಅರ್ಧ ಕಿಲೋ ಮೀರುವುದು ಕಷ್ಟ. ಡಿಸ್ಕಿನ ಸ್ಮಾರ್ಟ್ ವರದಿ ಚೆನ್ನಾಗಿದ್ದರೆ ಯುಎಸ್‌ಬಿ 3.0 ಕೇಸಿಗೆ ಹಾಕಿ ಬ್ಯಾಕಪ್‌ಗೆ ಬಳಸಿ. ಬೇರೆಯವರಿಗೆ ಕೊಡುವುದಾದರೆ ಮೊದಲು ಎನ್‌ವೈಪ್ ಎಂಬ ಉಪಕರಣದಿಂದ ಒಂದು ಸಲ ಪೂರ್ತಿ ಮೇಲ್ಬರೆಯಿರಿ. 500 ಜಿಬಿಗೆ ಒಂದೂವರೆ-ಎರಡು ಗಂಟೆ ಹಿಡಿಯುತ್ತದೆ. ಸಾಧಾರಣ ಫಾರ್ಮ್ಯಾಟ್ ಮಾಡಿದರೆ ಫೈಲುಗಳು ಅಲ್ಲೇ ಇರುತ್ತವೆ, ತೆಗೆಯಬಲ್ಲವರು ತೆಗೆಯುತ್ತಾರೆ.

ಬ್ಯಾಟರಿಯನ್ನು ಒಣಕಸದ ಚೀಲಕ್ಕೆ ಹಾಕಲೇಬಾರದು. ಕಸದ ಲಾರಿಯಲ್ಲಿ ಒತ್ತಿದಾಗ ಬೆಂಕಿ ಹೊತ್ತಿಕೊಳ್ಳಬಲ್ಲದು. ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಊದಿದ್ದಾದರೆ ಒಣ ಮರಳು ತುಂಬಿದ ಡಬ್ಬದಲ್ಲಿ ಇಟ್ಟು ಅಧಿಕೃತ ಸಂಗ್ರಹಕ್ಕೆ ಕೊಡಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳೂ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಈ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಕರ್ನಾಟಕದಲ್ಲಿ ಯಾರಿಗೆ ಕೊಡಬಹುದೆಂಬ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿದೆ. ತೂಕಕ್ಕೆ ಕೊಳ್ಳುವ ಗುಜರಿಯವರಿಗೆ ಕೊಟ್ಟರೆ ತಂತಿಯ ತಾಮ್ರಕ್ಕಾಗಿ ಬಯಲಲ್ಲಿ ಸುಡುವ, ಬಂಗಾರಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವ ಕೈಗಳಿಗೆ ಅದು ಸೇರಬಹುದು. ಆ ಹೊಗೆ ಕುಡಿಯುವವರು ಅಲ್ಲಿ ಕೆಲಸ ಮಾಡುವವರೇ.

ಎಲ್ಲಿ ನಿಲ್ಲಿಸಬೇಕು

ಮದರ್‌ಬೋರ್ಡ್ ಸತ್ತಿದ್ದರೆ, ಸೂಪರ್‌ವೈಸರ್ ಪಾಸ್‌ವರ್ಡ್ ಬಿಡದಿದ್ದರೆ, ನೀರು ಬಿದ್ದು ಹಸಿರು ತುಕ್ಕು ಹಿಡಿದಿದ್ದರೆ ಹೊಸ ಭಾಗ ಸುರಿಯಬೇಡಿ. ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಅದನ್ನು ಮಾತ್ರ ಬದಲಿಸುವ ದಾರಿ ಈ ಮಾದರಿಯಲ್ಲಿ ಇಲ್ಲ. ಒಟ್ಟು ಭಾಗಗಳ ಬೆಲೆ, ಅದೇ ಪೇಟೆಯಲ್ಲಿ ಸಿಗುವ ಎಂಟನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಮಷೀನಿನ ಬೆಲೆಯ ಅರ್ಧ ದಾಟಿದರೆ ನಾವು ಅಲ್ಲಿಗೆ ಕೈಬಿಡುತ್ತೇವೆ. ಸಾಟಾ ಎಸ್‌ಎಸ್‌ಡಿ, ರ‍್ಯಾಮ್ ಅಷ್ಟೂ ಆ ಮಷೀನಿಗೇ ಹೋಗಿ ಕೂರಬಹುದು. ಟಿ480 ಆದರೆ ಹೊರ ಬ್ಯಾಟರಿಯೂ ಇದರದ್ದೇ ಆಗುತ್ತದೆ.

ಕೈಬಿಟ್ಟ ಟಿ470 ಆಗಲೂ ಇಡಿಯಾಗಿ ಗುಜರಿಗೆ ಹೋಗಬಾರದು. ಇದರ ಪರದೆ, ತಳದಿಂದ ಎರಡು ಸ್ಕ್ರೂ ತೆಗೆದು ಜಾರಿಸಿದರೆ ಬರುವ ಕೀಬೋರ್ಡ್, ಹಿಂಜು, ಫ್ಯಾನ್, ಸಾಟಾ ಕೇಬಲ್, ಚಾರ್ಜರ್ ಇವೆಲ್ಲ ಇನ್ನೊಂದು ಟಿ470ಗೆ ನೇರವಾಗಿ ಹಿಡಿಯುತ್ತವೆ. ಒಂದೇ ಮಾದರಿಯ ಐದಾರು ಮಷೀನ್ ಇರುವ ಶಾಲೆ ಅಥವಾ ಕಚೇರಿ ಸತ್ತದ್ದೊಂದನ್ನು ಬಿಚ್ಚಿ, ಭಾಗಗಳಿಗೆ ಹೆಸರು ಬರೆದು ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ, ಉಳಿದವುಗಳ ಕೀ ಕಿತ್ತುಬಂದಾಗಲೋ ಹಿಂಜು ಮುರಿದಾಗಲೋ ಪೇಟೆಗೆ ಓಡಬೇಕಿಲ್ಲ. ಖಾಲಿ ಬೋರ್ಡು, ಮುರಿದ ಪ್ಲಾಸ್ಟಿಕ್ಕು ಮಾತ್ರ ಮಂಡಳಿಯ ಪಟ್ಟಿಯಲ್ಲಿರುವ ಮರುಬಳಕೆದಾರರಿಗೆ.